ಮೊಳಕೆ ಹೇಳುವ ಸಾಕ್ಷಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಾವು ಈಗ ಮಕ್ಕಳ ಪ್ರತಿಭೆಯನ್ನು ಕುರಿತು ಮಾತನಾಡುವಾಗಲಷ್ಟೇ ಬಳಸುತ್ತೇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳ ಬಾಯಿಂದ ಅದು ತಪ್ಪದೆ ಬರುತ್ತದೆ. ಒದ್ದೆ ಗೋಣಿತಾಟಿನಲ್ಲಿ ಬೀಜ ಕಟ್ಟಿಟ್ಟು, ನಾಲ್ಕನೆಯ ದಿನ ಬಿಚ್ಚಿ, ಎಷ್ಟು ಒಡೆದಿವೆ ಎಷ್ಟು ಕೊಳೆತಿವೆ ಎಂದು ಎಣಿಸುತ್ತಿದ್ದವರ ನಡುವೆ ಆ ಮಾತು ಹುಟ್ಟಿರಬೇಕು ಎಂಬುದು ನೆನಪಾಗುವುದು ಕಡಿಮೆ. ಆದರೆ ಕಳೆದ ಇಪ್ಪತ್ತು ವರ್ಷಗಳಿಂದ ಜಗತ್ತಿನ ಅನೇಕ ಪ್ರಯೋಗಾಲಯಗಳು ಈ ಗಾದೆಯನ್ನು ಅಕ್ಷರಶಃ ಪಾಲಿಸುತ್ತಿವೆ. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಬೀಜ ಸಾಲಿಟ್ಟು, ಲೋಹದ ಆಕ್ಸೈಡಿನ ಅತಿಸೂಕ್ಷ್ಮ ಪುಡಿಯನ್ನು ಕದಡಿದ ನೀರನ್ನು ಹನಿಸಿ, ಐದಾರು ದಿನಗಳ ಬಳಿಕ ಬೇರಿನ ಉದ್ದವನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ಸತು, ಟೈಟಾನಿಯಂ, ಅಲ್ಯುಮಿನಿಯಂ, ಸೀರಿಯಂ, ಕಬ್ಬಿಣ, ತಾಮ್ರ, ಎಲ್ಲದರ ಆಕ್ಸೈಡುಗಳೂ ಈ ಪರೀಕ್ಷೆಗೆ ಒಳಗಾಗಿವೆ. ಮೂಲಂಗಿ, ಸೌತೆ, ಹೆಸರು, ಕಡಲೆ, ಶೇಂಗಾ, ಪಾಲಕ್, ಮೆಕ್ಕೆಜೋಳ, ನಮ್ಮ ಅಡುಗೆಮನೆಯ ಅರ್ಧಕ್ಕರ್ಧ ಸಾಮಾನು ಸಾಕ್ಷಿಕಟ್ಟೆ ಹತ್ತಿ ಇಳಿದಿದೆ.

ಇಂಗ್ಲಿಷ್ ಸಾಹಿತ್ಯ ಓದಿ, ಕಡತಗಳ ನಡುವೆ ಕುಳಿತು ಸಂಬಳ ಎಣಿಸುವ ನನಗೆ ಈ ಸಾಕ್ಷಿಗಳ ಹೇಳಿಕೆಯನ್ನು ಓದುವ ಅಗತ್ಯ ಬಂದದ್ದು ನನ್ನ ಅಣ್ಣನಿಂದ. ಅವನು ಚಳ್ಳಕೆರೆ ತಾಲ್ಲೂಕಿನಲ್ಲಿ ಶೇಂಗಾ ಬೆಳೆಯುತ್ತಾನೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಅದೂ ಒಂದು. ಅಲ್ಲಿ ಬಿತ್ತನೆ ಎಂದರೆ ಮುಗಿಲಿನೊಡನೆ ಆಡುವ ಜೂಜು. ಎಕರೆಗೆ ನಲವತ್ತು ಐವತ್ತು ಕಿಲೊ ಬೀಜ ಬೇಕು. ಅದು ಮನೆಯಲ್ಲಿ ಎತ್ತಿಟ್ಟದ್ದಲ್ಲವಾದರೆ ಸಾಲ ಮಾಡಿ ತಂದದ್ದು. ಒಮ್ಮೆ ನೆಲಕ್ಕೆ ಹಾಕಿದ ಬೀಜ ಹುಟ್ಟದಿದ್ದರೆ ಎರಡನೆಯ ಸಲ ಹಾಕಲು ಬೀಜವೂ ಇರುವುದಿಲ್ಲ, ಹಸಿಯೂ ಇರುವುದಿಲ್ಲ. ಹೀಗಿರುವಾಗ ಮೃಗಶಿರಾ ಮಳೆಯ ಹೊತ್ತಿಗೆ ಅಣ್ಣ ಫೋನು ಮಾಡಿದ.

“ಅಂಗಡಿಯವನು ಹೊಸಾದು ಒಂದು ಬಾಟ್ಲಿ ಕೊಟ್ಟಾನೆ ಕಣಪ್ಪ. ನ್ಯಾನೊ ಜಿಂಕ್ ಅಂತೆ. ಬೀಜಕ್ಕೆ ಹಚ್ಚಿ ಬಿತ್ತಿದ್ರೆ ಬೇರು ಜೋರಾಗಿ ಇಳಿತೈತಂತೆ. ಎಲ್ಲಾ ಇಂಗ್ಲಿಷಿನಾಗೆ ಬರದೈತೆ. ಫೋಟೊ ಕಳಿಸೀನಿ, ನೋಡಿ ಹೇಳು.”

ಊರಿನವರ ದೃಷ್ಟಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವವನಿಗೆ ತಿಳಿಯದ್ದು ಯಾವುದೂ ಇಲ್ಲ. ವಿಮೆ, ವೀಸಾ, ಮೂಳೆಮುರಿತ, ಈಗ ರಸಾಯನಶಾಸ್ತ್ರ. ಹೊರನಾಡಿನಲ್ಲಿರುವ ಕನ್ನಡಿಗರಿಗೆಲ್ಲ ಈ ಗೌರವದ ಭಾರ ಪರಿಚಿತವೇ. ಅಣ್ಣ ಕೇಳಿದ ಪ್ರಶ್ನೆಯಾದ್ದರಿಂದ ‘ನೋಡಿ ಹೇಳುತ್ತೇನೆ’ ಎಂದೆ. ಬಿತ್ತನೆಗೆ ಹೆಚ್ಚೆಂದರೆ ಹದಿನೈದು ದಿನವಿತ್ತು.

‘ನ್ಯಾನೊ’ ಎಂಬ ಪದಕ್ಕೆ ಗ್ರೀಕಿನಲ್ಲಿ ಕುಬ್ಜ ಎಂದರ್ಥ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರು. ನೂರು ನ್ಯಾನೊಮೀಟರಿಗಿಂತ ಚಿಕ್ಕದಾದ ಕಣಗಳನ್ನು ಸಾಮಾನ್ಯವಾಗಿ ಈ ಹೆಸರಿನಿಂದ ಕರೆಯುತ್ತಾರೆ. ಗಾತ್ರ ಕಿರಿದಾದರೆ ಏನಾಯಿತು, ಸತು ಸತುವೇ ತಾನೆ ಎಂದು ಕೇಳಬಹುದು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಸೆಂಟಿಮೀಟರು ಉದ್ದ, ಅಗಲ, ಎತ್ತರದ ಒಂದು ಘನದ ಹೊರಮೈ ಆರು ಚದರ ಸೆಂಟಿಮೀಟರು, ಅಂದರೆ ಒಂದು ಅಂಚೆಚೀಟಿಯಷ್ಟು. ಅದನ್ನೇ ಹತ್ತು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸುತ್ತಾ ಹೋದರೆ ಆ ಎಲ್ಲ ಚೂರುಗಳ ಹೊರಮೈ ಸೇರಿ 600 ಚದರ ಮೀಟರು ಆಗುತ್ತದೆ. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ 30×40ರ ಐದು ಸೈಟುಗಳಿಗಿಂತ ಹೆಚ್ಚು. ವಸ್ತು ಅಷ್ಟೇ, ತೂಕ ಅಷ್ಟೇ. ನೀರಿಗೆ, ಮಣ್ಣಿಗೆ, ಬೇರಿನ ರೋಮಕ್ಕೆ ತಾಗುವ ಮೈ ಮಾತ್ರ ಲಕ್ಷಾಂತರ ಪಟ್ಟು. ವಸ್ತುವಿನ ನಡತೆಯೆಲ್ಲ ಅದರ ಹೊರಮೈಯಲ್ಲಿ ಇರುವುದರಿಂದ, ಹಿಟ್ಟಿನಂಥ ಸತುವಿನ ಆಕ್ಸೈಡು ಮಾಡದ ಕೆಲಸವನ್ನು ಈ ಕುಬ್ಜ ಕಣ ಮಾಡೀತು. ಕೆಲಸ ಎಂದರೆ ಉಪಕಾರವೂ ಆಗಬಹುದು, ಉಪದ್ರವವೂ ಆಗಬಹುದು.

ಸತುವಿನ ಆಕ್ಸೈಡು ನಮಗೆ ಹೊಸದೇನೂ ಅಲ್ಲ. ಮೈ ಕೆರೆತಕ್ಕೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದು ಅದೇ. ಆಯುರ್ವೇದದ ಯಶದ ಭಸ್ಮವೂ ಮುಖ್ಯವಾಗಿ ಅದೇ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಭಸ್ಮದಲ್ಲಿ ನ್ಯಾನೊ ಗಾತ್ರದ ಕಣಗಳನ್ನು ಕಂಡಿತ್ತು. ಭಸ್ಮ ಮಾಡುತ್ತಿದ್ದ ಪಂಡಿತರು ಪುಟವಿಟ್ಟು ಪುಟವಿಟ್ಟು ಅರೆದದ್ದರ ಫಲ ಅದು. ‘ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು’ ಎಂದು ಇದರಿಂದ ಎದೆಯುಬ್ಬಿಸಬೇಕಾಗಿಲ್ಲ. ಕಣದ ಗಾತ್ರ ಅವರ ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ನುಣ್ಣಗಾದಷ್ಟೂ ಗುಣ ಹೆಚ್ಚು, ಗುಣ ಹೆಚ್ಚಿದಷ್ಟೂ ಅಳತೆ ಕಡಿಮೆ ಎಂಬ ಎಚ್ಚರ ಅವರಲ್ಲಿ ಇತ್ತು. ಗುಂಜಿಯಲ್ಲಿ ತೂಗುತ್ತಿದ್ದರು.

ಬೆಳೆಗೆ ಸತು ಏಕೆ ಬೇಕೆಂಬ ಕತೆ ನಾನಿರುವ ಊರಿನೊಂದಿಗೆ ಒಂದು ಕೊಂಡಿಯಿಂದ ಬೆಸೆದಿದೆ. 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಯಶವಂತ ಎಲ್. ನೆನೆ ಎಂಬ ಸಸ್ಯರೋಗ ತಜ್ಞರು, ಹಿಮಾಲಯದ ತಪ್ಪಲಿನ ತರಾಯಿಯಲ್ಲಿ ಭತ್ತದ ಎಲೆಗಳು ಕಾಚಿನ ಬಣ್ಣಕ್ಕೆ ತಿರುಗಿ ಸಸಿಗಳು ಮುರುಟುತ್ತಿದ್ದುದನ್ನು ಪರೀಕ್ಷಿಸಿದರು. ಅಲ್ಲಿಯವರು ಆ ರೋಗವನ್ನು ‘ಖೈರಾ’ ಎನ್ನುತ್ತಿದ್ದರು. ರೋಗವೆಂದರೆ ಬೂಷ್ಟೋ ಕ್ರಿಮಿಯೋ ಇರಬೇಕಲ್ಲ, ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಕೊರತೆ. ಮಣ್ಣಿನಲ್ಲಿ ಗಿಡಕ್ಕೆ ದಕ್ಕುವ ಸತು ಇರಲಿಲ್ಲ. ಸತುವಿನ ಸಲ್ಫೇಟನ್ನು ಸಿಂಪಡಿಸಿದಾಗ ಎಲೆ ಹಸಿರಾಯಿತು. ಗದ್ದೆಯ ಭತ್ತಕ್ಕೆ ಸತುವಿನ ಕೊರತೆ ಎಂಬುದೊಂದು ಉಂಟೆಂದು ಜಗತ್ತಿಗೆ ತಿಳಿದದ್ದು ಹಾಗೆ. ಇಂದು ಭಾರತದ ಕೃಷಿಭೂಮಿಯ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಡೆ ಈ ಕೊರತೆ ಇದೆಯೆಂದು ಮಣ್ಣುಪರೀಕ್ಷೆಗಳು ಹೇಳುತ್ತವೆ.

ಅದೇ ನೆನೆಯವರು ಮುಂದೆ ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟಿಗೆ ಬಂದರು, ನಿವೃತ್ತಿಯ ಆಸುಪಾಸಿನಲ್ಲಿ, 1994ರಲ್ಲಿ, ಸಿಕಂದರಾಬಾದಿನಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಹಳೆಯ ಕೃಷಿಗ್ರಂಥಗಳನ್ನು ಹುಡುಕಿ ಅನುವಾದಿಸಿ ಪ್ರಕಟಿಸುವುದು ಆ ಸಂಸ್ಥೆಯ ಕಾಯಕ. ಸುರಪಾಲನ ವೃಕ್ಷಾಯುರ್ವೇದ 1996ರಲ್ಲಿ ಅಲ್ಲಿಂದಲೇ ಬಂತು. 2006ರಲ್ಲಿ ಬಂದದ್ದು ನಮ್ಮದೇ ‘ಲೋಕೋಪಕಾರ’ದ ಇಂಗ್ಲಿಷ್ ಅನುವಾದ. 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ ಚಾವುಂಡರಾಯ ರಚಿಸಿದ ಕನ್ನಡ ಗ್ರಂಥ ಅದು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಈತ ಬೇರೆ. ಜ್ಯೋತಿಷ್ಯ, ವಾಸ್ತು, ಅಂತರ್ಜಲ, ಸುಗಂಧ, ಅಡುಗೆ, ದನಕರುಗಳ ವೈದ್ಯ, ಹಾವಿನ ವಿಷ, ಇವುಗಳ ನಡುವೆ ಗಿಡಮರಗಳ ಆರೈಕೆಗೂ ಅದರಲ್ಲಿ ಒಂದು ಅಧ್ಯಾಯ ಮೀಸಲು. ಕನ್ನಡದ ಒಂದು ಸಾವಿರ ವರ್ಷದ ಪುಸ್ತಕ ಸಿಕಂದರಾಬಾದಿನ ವಿಳಾಸ ಹೊತ್ತು ಇಂಗ್ಲಿಷಿನಲ್ಲಿ ಹೊರಬಂದದ್ದು ಹೊರನಾಡ ಕನ್ನಡಿಗನಾದ ನನಗೆ ಯಾಕೋ ಆತ್ಮೀಯವೆನಿಸುತ್ತದೆ.

ಬೀಜಕ್ಕೆ ಏನನ್ನಾದರೂ ಹಚ್ಚಿ ಬಿತ್ತುವ ಆಸೆ ಈ ಪರಂಪರೆಯಲ್ಲೆಲ್ಲ ಹರಿದಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೇ ಬೀಜವನ್ನು ಹಾಲಿನಲ್ಲಿ ನೆನೆಸಿ, ತುಪ್ಪ ಸವರಿದ ಕೈಯಿಂದ ತಿಕ್ಕಿ, ಸಗಣಿಯಲ್ಲಿ ಹೊರಳಿಸುವ ವಿಧಾನವಿದೆ. ಅಣ್ಣನೂ ಪ್ರತಿವರ್ಷ ಶೇಂಗಾ ಬೀಜಕ್ಕೆ ಟ್ರೈಕೋಡರ್ಮಾ ಮತ್ತು ರೈಜೋಬಿಯಂ ಹಚ್ಚಿ, ನೆರಳಿನಲ್ಲಿ ಆರಿಸಿ, ಬಿತ್ತುತ್ತಾನೆ. ಹೊಸ ಬಾಟಲಿ ಈ ಹಳೆಯ ಆಸೆಯ ಬೆನ್ನೇರಿಯೇ ಬಂದದ್ದು.

ಅಂಗಡಿಯವನ ಮಾತಿಗೆ ಬುಡವೇ ಇಲ್ಲವೆಂದೂ ಹೇಳುವಂತಿರಲಿಲ್ಲ. ನನ್ನ ಹುಡುಕಾಟದಲ್ಲಿ ಮೊದಲು ಸಿಕ್ಕಿದ್ದೇ ಶೇಂಗಾ. ತಿರುಪತಿಯ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದ ಟಿ.ಎನ್.ವಿ.ಕೆ.ವಿ. ಪ್ರಸಾದ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ರಾಯಲಸೀಮೆಯ ಬೆಳೆ, ನಮ್ಮ ಕಡೆಯಂಥದೇ ಒಣಸೀಮೆಯ ಬೆಳೆ. ಸರಾಸರಿ 25 ನ್ಯಾನೊಮೀಟರು ಗಾತ್ರದ ಸತುವಿನ ಆಕ್ಸೈಡನ್ನು ನೀರಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕದಡಿ ಬೀಜಗಳಿಗೆ ಉಪಚಾರ ಮಾಡಿದರು. ರೂಢಿಯ ಸತುವಿನ ಸಲ್ಫೇಟಿನೊಂದಿಗೆ ಹೋಲಿಸಿದರು. 1000 ಪಿಪಿಎಂ ಪ್ರಮಾಣದಲ್ಲಿ, ಅಂದರೆ ಲೀಟರಿಗೆ ಒಂದು ಗ್ರಾಂ, ಮೊಳಕೆ ಚುರುಕಾಯಿತು, ಸಸಿ ಬಲವಾಯಿತು, ಹೂವು ಬೇಗ ಬಂತು, ಎಲೆಯ ಹಸಿರು ಹೆಚ್ಚಿತು. ಗಿಡವೊಂದಕ್ಕೆ ಕಾಯಿಯ ಇಳುವರಿ ಸಲ್ಫೇಟಿಗಿಂತ ಶೇಕಡಾ 34 ಹೆಚ್ಚು. ಅಲ್ಲಿಗೇ ನಿಲ್ಲದೆ 2008–09 ಮತ್ತು 2009–10ರ ಹಿಂಗಾರಿನಲ್ಲಿ ಹೊಲಕ್ಕೂ ಇಳಿದರು. ಶಿಫಾರಸಿನ ಸಲ್ಫೇಟಿನ ಹದಿನೈದರಲ್ಲಿ ಒಂದು ಪಾಲಿನಷ್ಟನ್ನು ಎಲೆಗಳ ಮೇಲೆ ಸಿಂಪಡಿಸಿ, ಆ ಎರಡು ವರ್ಷ ಕ್ರಮವಾಗಿ ಶೇಕಡಾ 29.5 ಮತ್ತು 26.3 ಹೆಚ್ಚು ಕಾಯಿ ಪಡೆದರು. ಹೊಲಕ್ಕೆ ಇಳಿದ ಕಾರಣಕ್ಕೇ ಈ ಅಧ್ಯಯನದ ಮೇಲೆ ನನಗೆ ಗೌರವ. ಇಂಥ ಬರಹಗಳಲ್ಲಿ ಹೆಚ್ಚಿನವು ಗಾಜಿನ ತಟ್ಟೆಯ ಅಂಚು ದಾಟುವುದಿಲ್ಲ.

ಆದರೆ ಅದೇ ಅಧ್ಯಯನದ ಕೊನೆಯಲ್ಲಿ ಇನ್ನೊಂದು ಮಾತಿದೆ. ಪ್ರಮಾಣವನ್ನು 2000 ಪಿಪಿಎಂಗೆ ಏರಿಸಿದಾಗ ಬೆಳವಣಿಗೆ ಕುಗ್ಗಿತು. ಲೀಟರಿಗೆ ಒಂದು ಗ್ರಾಂ ಇದ್ದಾಗ ಪೋಷಣೆ, ಎರಡು ಗ್ರಾಂ ಆದಾಗ ಪೀಡೆ. ನಮ್ಮ ಹೊಲಗಳಲ್ಲಿ ಅಳತೆ ನಡೆಯುವುದು ಬಾಟಲಿಯ ಮುಚ್ಚಳದಲ್ಲಿ. ‘ಎರಡು ಮುಚ್ಚಳ ಹಾಕು, ಇನ್ನೊಂದು ಹಾಕಿದರೂ ಏನಾಗಲ್ಲ’ ಎಂಬುದು ಸಿಂಪಡಣೆಯ ಸಾರ್ವತ್ರಿಕ ಸೂತ್ರ. ಆ ಇನ್ನೊಂದು ಮುಚ್ಚಳದಲ್ಲಿಯೇ ಈ ವಿಷಯದ ಕಷ್ಟವೆಲ್ಲ ಅಡಗಿದೆ.

ಮುಂದೆ ಓದುತ್ತಾ ಹೋದಂತೆ ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿಯತೊಡಗಿದವು. 2011ರಲ್ಲಿ ಮಹಾರಾಷ್ಟ್ರದ ಸಂಶೋಧಕರು ಹೆಸರು ಮತ್ತು ಕಡಲೆಯ ಸಸಿಗಳನ್ನು ಅಗರ್ ಎಂಬ ಲೋಳೆಯಲ್ಲಿ, ನಮ್ಮ ಅಡುಗೆಮನೆಯವರು ಚೈನಾ ಗ್ರಾಸ್ ಎನ್ನುವ ಪದಾರ್ಥದಲ್ಲಿ, ಬೆಳೆಸಿದರು. ನೀರಿನಲ್ಲಾದರೆ ಕಣಗಳು ತಳ ಸೇರುತ್ತವೆ, ಲೋಳೆಯಲ್ಲಿ ಅಲ್ಲಲ್ಲೇ ನಿಲ್ಲುತ್ತವೆ ಎಂಬ ಜಾಣತನ ಅದರಲ್ಲಿತ್ತು. ಹೆಸರಿನ ಸಸಿಗೆ ಅತ್ಯುತ್ತಮವಾಗಿ ಒಗ್ಗಿದ್ದು 20 ಪಿಪಿಎಂ. ಕಡಲೆಗೆ ಬರೀ ಒಂದು ಪಿಪಿಎಂ. ಅದನ್ನು ಮೀರಿದರೆ ಎರಡೂ ಸೊರಗಿದವು. ಒಂದೇ ಕುಟುಂಬದ ಎರಡು ಕಾಳುಗಳಿಗೆ ಇಪ್ಪತ್ತು ಪಟ್ಟು ವ್ಯತ್ಯಾಸ! ಅದೇ ಕುಟುಂಬದ ಶೇಂಗಾಕ್ಕಾದರೋ ಸಾವಿರ.

ಇನ್ನೊಂದು ಅಧ್ಯಯನ ಅಮೆರಿಕದ ಆಮ್ಹರ್ಸ್ಟಿನದು. ಸಾಹಿತ್ಯ ಓದಿದವರಿಗೆ ಆಮ್ಹರ್ಸ್ಟ್ ಎಂದೊಡನೆ ನೆನಪಾಗುವುದು ಎಮಿಲಿ ಡಿಕಿನ್ಸನ್. ಆಕೆ ಹುಡುಗಿಯಾಗಿದ್ದಾಗಲೇ ನಾನೂರಕ್ಕೂ ಹೆಚ್ಚು ಗಿಡಗಳ ಹೂವು ಎಲೆಗಳನ್ನು ಒಣಗಿಸಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದಳು ಎಂಬುದು ಅವಳ ಕವಿತೆಗಳಷ್ಟು ಪ್ರಸಿದ್ಧವಲ್ಲ. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ದಾವೋಹುಯ್ ಲಿನ್ ಮತ್ತು ಬಾವೋಶಾನ್ ಶಿಂಗ್ 2007ರಲ್ಲಿ ಮೂಲಂಗಿ, ಲೆಟಿಸ್, ಸೌತೆ, ಮೆಕ್ಕೆಜೋಳ, ರೇಪ್ ಎಂಬ ಸಾಸಿವೆಯ ಬಳಗದ ಎಣ್ಣೆಕಾಳು, ರೈಗ್ರಾಸ್ ಎಂಬ ಹುಲ್ಲು, ಹೀಗೆ ಆರು ಬೀಜಗಳನ್ನು ಪರೀಕ್ಷೆಗೊಡ್ಡಿದರು. ಲೀಟರಿಗೆ 2000 ಮಿಲಿಗ್ರಾಂ ಸತುವಿನ ಆಕ್ಸೈಡಿನಲ್ಲಿ ಬೇರುಗಳ ಬೆಳವಣಿಗೆ ಬಹುತೇಕ ನಿಂತೇಹೋಯಿತು. ಮೂಲಂಗಿಯ ಬೇರು ಅರ್ಧಕ್ಕಿಳಿಯಲು 50 ಮಿಲಿಗ್ರಾಂ ಸಾಕಾಯಿತು, ರೇಪಿಗೂ ರೈಗ್ರಾಸಿಗೂ 20. ತಿರುಪತಿಯಲ್ಲಿ ಸಾವಿರ ಪೋಷಕ, ಆಮ್ಹರ್ಸ್ಟಿನಲ್ಲಿ ಇಪ್ಪತ್ತೇ ಮಾರಕ. ಯಾರನ್ನು ನಂಬುವುದು?

ಇಬ್ಬರನ್ನೂ ನಂಬಬಹುದು. ಆಮ್ಹರ್ಸ್ಟಿನವರು ಗಮನಿಸಿದ ಎರಡು ಸಂಗತಿಗಳು ನನಗೆ ಈ ಇಡೀ ಓದಿನ ತಿರುಳೆನಿಸಿದವು. ಮೊದಲನೆಯದು, ಒಂದೆರಡು ಅಪವಾದ ಬಿಟ್ಟರೆ ಬೀಜಗಳು ಮೊಳೆಯುವುದಕ್ಕೆ ಯಾವ ತೊಂದರೆಯೂ ಆಗಲಿಲ್ಲ, ಕುಗ್ಗಿದ್ದು ಬೇರು. ಬೀಜಕ್ಕೆ ಸಿಪ್ಪೆಯೆಂಬ ಕವಚವಿದೆ. ಒಳಗಿನ ಮೊಳಕೆ ಗಂಟು ಬಿಚ್ಚುವಾಗ ಉಣ್ಣುವುದು ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು. ಕವಚ ಸೀಳಿ ಹೊರಬಂದ ಬೇರಿನ ತುದಿಯೇ ಲೋಕವನ್ನು ಮೊದಲು ಮುಟ್ಟುವುದು, ಅದಕ್ಕೆ ರಕ್ಷಣೆಯಿಲ್ಲ. ಎರಡನೆಯದು, ಬೇರಿಗೆ ಪೆಟ್ಟು ಬಿದ್ದದ್ದು ಬೀಜವನ್ನು ನೆನೆಸಿದ ಹೊತ್ತಿನಲ್ಲಿ ಅಲ್ಲ, ಅನಂತರ ಅದೇ ನೀರಿನಲ್ಲಿ ಮೊಳೆಯಲು ಬಿಟ್ಟ ದಿನಗಳಲ್ಲಿ. ನೆನೆಸಿ ತೆಗೆದರೆ ಒಂದು ಮಾತು, ಅದರಲ್ಲಿಯೇ ಬಾಳಬೇಕಾದರೆ ಬೇರೊಂದು ಮಾತು. ಮರುವರ್ಷ ಅವರೇ ರೈಗ್ರಾಸಿನ ಬೇರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ತುದಿ ಮುದುಡಿ, ಹೊರಪದರದ ಜೀವಕೋಶಗಳು ಕುಸಿದಿದ್ದವು.

ಮಣ್ಣು ನಡುವೆ ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಸತುವಿನ ಆಕ್ಸೈಡು ಹುಳಿಮಣ್ಣಿನಲ್ಲಿ ಬೇಗ ಕರಗಿ ಸತುವಿನ ಅಯಾನುಗಳನ್ನು ಬಿಡುತ್ತದೆ. ಸುಣ್ಣದಂಶದ ಮಣ್ಣಿನಲ್ಲಿ ಕರಗುವುದು ನಿಧಾನ. ಜೇಡಿಗೂ ಸಾವಯವ ಪದಾರ್ಥಕ್ಕೂ ಕಣಗಳು ಅಂಟಿಕೊಳ್ಳುತ್ತವೆ, ಒಂದಕ್ಕೊಂದು ಅಂಟಿ ನ್ಯಾನೊತನವನ್ನೇ ಕಳೆದುಕೊಳ್ಳುತ್ತವೆ. ಟೈಟಾನಿಯಂ ಡೈಆಕ್ಸೈಡಾದರೆ ಕರಗುವುದೇ ಇಲ್ಲವೆನ್ನಬಹುದು. 2005ರಲ್ಲಿ ಚೀನಾದವರು ಅದರಿಂದ ಹಳೆಯ ಪಾಲಕ್ ಬೀಜಗಳು ಹುರುಪುಗೊಂಡುದನ್ನು ವರದಿ ಮಾಡಿದ್ದರು. ಅದೇ ವರ್ಷ ಅಮೆರಿಕದಲ್ಲಿ ಅಲ್ಯುಮಿನಿಯಂ ಆಕ್ಸೈಡಿನ ಕಣಗಳಿಂದ ಮೆಕ್ಕೆಜೋಳ, ಸೌತೆ, ಸೋಯಾ, ಎಲೆಕೋಸು, ಗಜ್ಜರಿಗಳ ಬೇರು ಕುಗ್ಗಿದ್ದು ದಾಖಲಾಯಿತು. ಇವನ್ನೆಲ್ಲ ಒಂದೇ ‘ನ್ಯಾನೊ’ ಚೀಲಕ್ಕೆ ತುಂಬಿ ಒಳ್ಳೆಯದು ಕೆಟ್ಟದ್ದು ಎನ್ನುವುದು, ಬಿಳಿಯ ಪುಡಿಗಳೆಲ್ಲ ಒಂದೇ ಎಂದು ಸಕ್ಕರೆಯನ್ನೂ ಸುಣ್ಣವನ್ನೂ ಒಂದೇ ಡಬ್ಬಿಗೆ ಸುರಿದಂತೆ.

ನಮ್ಮ ಭಾಷೆಗಳು ಈ ಇಬ್ಬಂದಿಯನ್ನು ಎಂದೋ ಒಪ್ಪಿಕೊಂಡಿವೆ. ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ತೋಪಿಗೆ ತುಂಬುವುದೂ ಮದ್ದೇ. ‘ಮದ್ದು ಹಾಕಿದರು’ ಎಂದರೆ ಅನ್ನದಲ್ಲಿ ಕೇಡನ್ನು ಬೆರೆಸಿದರು. ಇಲ್ಲಿಯ ತೆಲುಗಿನಲ್ಲಿ ‘ಮಂದು’ ಔಷಧವೂ ಹೌದು, ಹೊಲಕ್ಕೆ ಹೊಡೆಯುವ ಕೀಟನಾಶಕವೂ ಹೌದು, ಸಂಜೆಯ ಮೇಲೆ ಕುಡಿಯುವುದೂ ಹೌದು. ಇಂಗ್ಲಿಷಿನ ‘ಪಾಯ್ಸನ್’ ಮತ್ತು ‘ಪೋಶನ್’ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು, ಎರಡರ ಮೂಲಾರ್ಥವೂ ಕುಡಿಯುವಂಥದ್ದು ಎಂದಷ್ಟೇ. ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆಂದು ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಹೇಳಿದ್ದನ್ನು ವೈದ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ. ನ್ಯಾನೊ ಕಣಗಳ ವಿಷಯದಲ್ಲಿ ಆ ಸೂತ್ರಕ್ಕೆ ಗಾತ್ರವನ್ನೂ, ಮಣ್ಣನ್ನೂ, ಬೀಜದ ಜಾತಿಯನ್ನೂ ಸೇರಿಸಬೇಕಾಗುತ್ತದೆ.

ಇಷ್ಟು ತಿಳಿದ ಮೇಲೆ ಅಣ್ಣ ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಹಸಿರು ಚೀಟಿ, ಉದ್ದಕ್ಕೆ ಇಳಿದ ಬೇರಿನ ಚಿತ್ರ, ‘ನ್ಯಾನೊ’ ಎಂಬ ಅಕ್ಷರ ಮೂರು ಕಡೆ. ಕಣದ ಗಾತ್ರವೆಷ್ಟು? ಬರೆದಿರಲಿಲ್ಲ. ಸತು ಶೇಕಡಾ ಎಷ್ಟು? ಬರೆದಿರಲಿಲ್ಲ. ಅದು ಆಕ್ಸೈಡೋ, ಸಲ್ಫೇಟೋ, ಮತ್ತೇನೋ? ಅದೂ ಇರಲಿಲ್ಲ. ಬಳಕೆಯ ಪ್ರಮಾಣ ಅಂಗಡಿಯವನ ಬಾಯಲ್ಲಿತ್ತು, ಚೀಟಿಯ ಮೇಲೆ ಅಲ್ಲ. ಸರ್ಕಾರಿ ನೌಕರನ ದುರಭ್ಯಾಸದಿಂದ ನಾನು ಆದೇಶಗಳನ್ನೂ ಮಾರ್ಗಸೂಚಿಗಳನ್ನೂ ಆಸಕ್ತಿಯಿಂದ ಓದುತ್ತೇನೆ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಇರುವುದೇ ಇಂಥದ್ದಕ್ಕೆ. ನ್ಯಾನೊ ಕೃಷಿ ಪದಾರ್ಥಗಳನ್ನೂ ಆಹಾರಗಳನ್ನೂ ಹೇಗೆ ತೂಗಿ ನೋಡಬೇಕೆಂಬುದಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. ಮರುವರ್ಷ ನ್ಯಾನೊ ಯೂರಿಯಾ ಬಂದ ಮೇಲೆ, ಅದು ಲೋಹದ ಆಕ್ಸೈಡು ಅಲ್ಲದಿದ್ದರೂ, ‘ನ್ಯಾನೊ’ ಎಂಬ ಪದ ಹಳ್ಳಿಯ ಗೊಬ್ಬರದಂಗಡಿಗಳ ಮನೆಮಾತಾಯಿತು. ಪದ ಮನೆಮಾತಾದಷ್ಟು ಬೇಗ ಮಾರ್ಗಸೂಚಿ ಆಗುವುದಿಲ್ಲ.

ಅಣ್ಣನಿಗೆ ಎರಡು ಕೆಲಸ ಹೇಳಿದೆ. ಮೊದಲು, ಹೊಲಕ್ಕೆ ಸತು ಬೇಕೇ ಎಂದು ತಿಳಿಯಬೇಕು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ, ಅವುಗಳಲ್ಲಿ ಸತುವೂ ಒಂದು. ಗಿಡಕ್ಕೆ ದಕ್ಕುವ ಸತು 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಲೆಕ್ಕ. ಚೀಟಿ ಮಾಡಿನ ಸಂದಿಯಲ್ಲಿ, ರೇಷನ್ ಕಾರ್ಡಿನ ಜೊತೆ ಸಿಕ್ಕಿತು. ಅಂಕಿ ಅದಕ್ಕಿಂತ ಕೆಳಗೇ ಇತ್ತು. ಅಂದರೆ ಅಂಗಡಿಯವನು ಸತು ಬೇಕೆಂದದ್ದು ನಿಜವೇ. ಯಾವ ರೂಪದಲ್ಲಿ ಎಂಬುದಷ್ಟೇ ಪ್ರಶ್ನೆ.

ಎರಡನೆಯದು ಗೋಣಿತಾಟಿನ ಪರೀಕ್ಷೆ. ಬಿತ್ತನೆಗೆ ಮೊದಲು ನೂರು ಬೀಜ ಎಣಿಸಿ ಮೊಳಕೆ ನೋಡುವುದು ನಮ್ಮಲ್ಲಿ ಹಳೆಯ ರೂಢಿ. ಈ ಸಲ ನಾಲ್ಕು ಕಟ್ಟು ಮಾಡಲು ಹೇಳಿದೆ. ಒಂದಕ್ಕೆ ಬರಿಯ ನೀರು. ಒಂದಕ್ಕೆ ಅಂಗಡಿಯವನು ಹೇಳಿದ ಅಳತೆ, ಆದರೆ ಕೆಲಹೊತ್ತು ನೆನೆಸಿ ತೊಳೆದು ಕಟ್ಟುವುದು. ಒಂದಕ್ಕೆ ಅದೇ ಅಳತೆ, ತೊಳೆಯದೆ. ಕೊನೆಯದಕ್ಕೆ ‘ಇನ್ನೊಂದು ಮುಚ್ಚಳ’. ಅತ್ತಿಗೆ ಪ್ರತಿ ಕಟ್ಟಿಗೂ ಬೇರೆ ಬೇರೆ ಬಣ್ಣದ ಸೀರೆಯ ಅಂಚು ಕಟ್ಟಿ ಗುರುತು ಮಾಡಿದರು. ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗವೆಂದು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಬಿತ್ತುವವನಿಗೆ ಅಷ್ಟಾದರೂ ತನ್ನ ಕಣ್ಣಿಗೆ ಕಾಣಬೇಕು.

ಆರನೆಯ ದಿನ ಮಾದಾಪುರದ ನನ್ನ ಮನೆಯ ಬಾಲ್ಕನಿಯಲ್ಲಿ ನಿಂತು ವಿಡಿಯೊ ಕರೆಯಲ್ಲಿ ನೋಡಿದೆ. ಎದುರಿಗೆ ಗಾಜಿನ ಕಟ್ಟಡಗಳು, ಹಿಂದೆ ದುರ್ಗಂ ಚೆರುವಿನ ಕಡೆಯಿಂದ ಬರುವ ವಾಹನಗಳ ಸದ್ದು, ಕೈಯಲ್ಲಿ ನಮ್ಮ ಪಡಸಾಲೆ. ಒಡೆದ ಬೀಜಗಳ ಎಣಿಕೆಯಲ್ಲಿ ನಾಲ್ಕು ಕಟ್ಟುಗಳಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅಣ್ಣ ನಿರಾಶೆಯಿಂದ “ಎಲ್ಲಾ ಒಂದೇ ಐತಲ್ಲಪ್ಪ” ಎಂದ. ಬೇರು ನೋಡಲು ಹೇಳಿದೆ. ನೀರಿನ ಕಟ್ಟೂ ತೊಳೆದ ಕಟ್ಟೂ ಸಮಸಮ. ತೊಳೆಯದ್ದರಲ್ಲಿ ಬೇರು ತುಸು ಗಿಡ್ಡ. ಇನ್ನೊಂದು ಮುಚ್ಚಳದ ಕಟ್ಟಿನಲ್ಲಿ ಬೇರುಗಳು ಮೊಂಡಾಗಿ, ಪಕ್ಕದ ಕವಲುಗಳಿಲ್ಲದೆ, ತುದಿ ಕಂದಿದ್ದವು. ಅತ್ತಿಗೆ ಒಂದನ್ನು ಎತ್ತಿ ಕ್ಯಾಮೆರಾದ ಹತ್ತಿರ ಹಿಡಿದು, “ಇದು ಬೇರಲ್ಲ, ಇಲಿ ಕಡಿದ ಬಾಲ” ಎಂದರು.

ಮೊಳಕೆಯ ಎಣಿಕೆಯನ್ನಷ್ಟೇ ನಂಬಿದ್ದರೆ ಆ ಬಾಟಲಿ ನಿರಪರಾಧಿಯಾಗಿ ಹೊರಬರುತ್ತಿತ್ತು. ಗಾದೆಯಲ್ಲಿ ನನಗೆ ಕಂಡ ಕೊರತೆ ಇದೇ. ಸಿರಿ ಇರುವುದು ಕಣ್ಣಿಗೆ ಕಾಣುವ ಮೊಳಕೆಯಲ್ಲಿ ಅಲ್ಲ, ಮಣ್ಣಿನೊಳಗೆ ಇಳಿಯುವ ತುದಿಯಲ್ಲಿ. ಮಳೆ ಹದಿನೈದು ದಿನ ಕೈಕೊಟ್ಟರೆ ಚಳ್ಳಕೆರೆಯ ಶೇಂಗಾ ಉಳಿಯುವುದು ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ.

ಬೇರಿನ ಬಗೆಗೆ ಇನ್ನೂ ಒಂದು ಚಿಂತೆಯಿತ್ತು. ಶೇಂಗಾ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಸೂಕ್ಷ್ಮಜೀವಿಗಳಿರುತ್ತವೆ. ಬಡವನ ಯೂರಿಯಾ ಅದು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಸೋಯಾ ಗಿಡಗಳನ್ನು ಮಣ್ಣಿನಲ್ಲಿ ಫಸಲಿನವರೆಗೂ ಬೆಳೆಸಿ ನೋಡಿದ್ದರು. ಸೀರಿಯಂ ಆಕ್ಸೈಡು ಬೆರೆತ ಮಣ್ಣಿನಲ್ಲಿ ಗಿಡವೂ ಇಳುವರಿಯೂ ಕುಗ್ಗಿದವು, ಪ್ರಮಾಣ ಹೆಚ್ಚಾದಾಗ ಗಂಟುಗಳಲ್ಲಿ ಸಾರಜನಕ ಹಿಡಿಯುವ ಕೆಲಸ ಹೆಚ್ಚುಕಡಿಮೆ ನಿಂತಿತು. ಸತುವಿನ ಆಕ್ಸೈಡು ಅಷ್ಟು ಕೇಡು ಮಾಡಲಿಲ್ಲ, ಆದರೆ ಸತು ಬೇರಿನಿಂದ ಎಲೆಗೂ ಕಾಳಿಗೂ ಏರಿ ಶೇಖರವಾಯಿತು. ಕೊರತೆಯ ನಾಡಿನಲ್ಲಿ ಕಾಳಿಗೆ ಸತು ಏರುವುದು ವರವೇ ಇರಬಹುದು. ಬೀಜಕ್ಕೆ ರೈಜೋಬಿಯಂ ಹಚ್ಚಿ ಅದರ ಮೇಲೆಯೇ ಏನೆಂದು ಬರೆಯದ ದ್ರವವನ್ನು ಸುರಿಯುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಕರೆದ ಅತಿಥಿಗೂ ಕರೆಯದೆ ಬಂದವನಿಗೂ ಒಂದೇ ಎಲೆ ಹಾಕಿದಂತೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ತೊಗರಿ ಬೀಜಕ್ಕೆ ಸತು, ಕಬ್ಬಿಣಗಳ ನ್ಯಾನೊ ಕಣಗಳನ್ನು ತೆಳುವಾದ ಪಾಲಿಮರ್ ಲೇಪದಲ್ಲಿ ಸೇರಿಸಿ ಪರೀಕ್ಷಿಸಿದ್ದಾರೆ. ಕಣ ಎಷ್ಟು, ಲೇಪ ಎಷ್ಟು ಎಂದು ಅಳೆದು ಮಾಡುವ ಕೆಲಸ ಅದು. ಅಂಗಡಿಯ ಮುಚ್ಚಳದ ಅಳತೆಗೆ ಅದರ ಹೆಸರು ಹೇಳಲಾಗದು.

ನಗರದಲ್ಲಿರುವ ನಾವು ಇದರಿಂದ ಹೊರಗೇನೂ ಇಲ್ಲ. ಸೋಯಾ ಅಧ್ಯಯನ ಮಾಡಿದವರ ಆತಂಕ ಹುಟ್ಟಿದ್ದೇ ನಗರದ ಕೊಳಚೆಯಿಂದ. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು, ಗೋಡೆಯ ಬಿಳಿ ಬಣ್ಣ, ಕೆಲವು ಟೂತ್‌ಪೇಸ್ಟುಗಳು, ಇವುಗಳಲ್ಲಿನ ಸತು ಮತ್ತು ಟೈಟಾನಿಯಂ ಆಕ್ಸೈಡುಗಳು ತೊಳೆದು ಹೋಗುವುದು ಚರಂಡಿಗೆ. ಶುದ್ಧೀಕರಣ ಘಟಕದಲ್ಲಿ ಬಹುಪಾಲು ಕೆಸರಿನಲ್ಲಿ ನಿಲ್ಲುತ್ತದೆ, ಸತುವಿನ ಆಕ್ಸೈಡು ಅಲ್ಲಿಯೇ ಸಲ್ಫೈಡಾಗಿ ಬದಲಾಗುತ್ತದೆ. ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋದರೆ ಕತೆ ಮುಂದುವರಿಯುತ್ತದೆ. ಹೈದರಾಬಾದಿನ ಕೆಳಗೆ ಮೂಸಿ ನದಿಯ ದಂಡೆಯಲ್ಲಿ ನಗರದ ನೀರಿನಿಂದಲೇ ಭತ್ತ, ಮೇವಿನ ಹುಲ್ಲು, ಸೊಪ್ಪು ಬೆಳೆಯುತ್ತಾರೆ. ಮಾದಾಪುರದ ಸೂಪರ್ ಮಾರ್ಕೆಟ್ಟಿನಲ್ಲಿ ಮೂಲಂಗಿ, ಸಾಸಿವೆಗಳ ಏಳು ದಿನದ ಸಸಿಗಳನ್ನು ‘ಮೈಕ್ರೋಗ್ರೀನ್ಸ್’ ಎಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಕಟ್ಟು ಸೊಪ್ಪಿಗಿಂತ ಎಷ್ಟೋ ಪಟ್ಟು ಬೆಲೆಗೆ ಮಾರುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿ ಮೊದಲು ಸೊರಗುವ ಸಸಿಗಳೂ ಇವೇ, ಊಟದ ತಟ್ಟೆಯಲ್ಲಿ ಬೇರೊಂದನ್ನುಳಿದು ಇಡಿಯಾಗಿ ತಿನ್ನುವ ಸಸಿಗಳೂ ಇವೇ. ಐರೋಪ್ಯ ಒಕ್ಕೂಟ 2022ರಲ್ಲಿ ಟೈಟಾನಿಯಂ ಡೈಆಕ್ಸೈಡನ್ನು ಆಹಾರದ ಬಣ್ಣವಾಗಿ ಬಳಸುವುದನ್ನು ನಿಷೇಧಿಸಿತು. ಚರಂಡಿಗೆ ಹಾಗೆ ಆಜ್ಞೆ ಹೊರಡಿಸುವುದು ಕಷ್ಟ.

ಅಣ್ಣ ಆ ವರ್ಷ ಬೀಜಕ್ಕೆ ಟ್ರೈಕೋಡರ್ಮಾ, ರೈಜೋಬಿಯಂ ಮಾತ್ರ ಹಚ್ಚಿದ. ಸತುವಿನ ಸಲ್ಫೇಟನ್ನು ಕೃಷಿ ಇಲಾಖೆಯವರು ಹೇಳಿದಷ್ಟು ಬಿತ್ತನೆಗೆ ಮುನ್ನ ನೆಲಕ್ಕೆ ಹಾಕಿದ. ಹಣ ಕೊಟ್ಟು ತಂದ ಬಾಟಲಿಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅಂಗಡಿಯವನು ಮರಳಿ ಪಡೆಯಲೂ ಇಲ್ಲ. ಹೂವಾಡುವ ಮುನ್ನ ಬದುವಿನ ಪಕ್ಕದ ನಾಲ್ಕು ಸಾಲಿಗೆ ಬಹಳ ತೆಳುವಾಗಿ ಸಿಂಪಡಿಸಿ, ಸಾಲಿನ ತುದಿಗೆ ಜಾಲಿಯ ಗೂಟ ನೆಟ್ಟ. ತಿರುಪತಿಯವರು ಎಲೆಗೆ ಸಿಂಪಡಿಸಿದ್ದನ್ನು ನಾನು ಹೇಳಿದ್ದೆ. ಆ ಸಾಲುಗಳು ಕಣ್ಣಿಗೆ ತುಸು ಹಸಿರಾಗಿ ಕಾಣುತ್ತಿವೆಯೆಂದು ಅವನೆಂದ. ಅದು ಬದುವಿನ ನೀರು ಇಂಗಿದ್ದರಿಂದ ಎಂದು ಅತ್ತಿಗೆ ಎಂದರು.

ಕಾಯಿ ಕೀಳುವ ದಿನ ಆ ನಾಲ್ಕು ಸಾಲನ್ನು ಬೇರೆ ಇಡಬೇಕೆಂದು ಕೂಲಿಯವರಿಗೆ ಹೇಳಿಯೂ ಇದ್ದ. ಮಧ್ಯಾಹ್ನ ಮೋಡ ಕವಿಯಿತು. ಕಿತ್ತ ಶೇಂಗಾ ನೆನೆದರೆ ಹೋಯಿತು ಎಂದು ಎಲ್ಲರೂ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಒಂದೇ ಬಣವೆಗೆ ಎಸೆದರು. ಸಂಜೆ ನೋಡಿದರೆ ಗೂಟಗಳು ನಿಂತಿದ್ದವು, ಗಿಡಗಳು ಬಣವೆಯಲ್ಲಿ ಬೆರೆತಿದ್ದವು. ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಉಳಿದಿದೆ. ಅತ್ತಿಗೆ ಅದನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲೆ ಇಟ್ಟಿದ್ದಾರೆ.